ಮೈಕಮ್ಮ ಬಾಯಿ ಮುಚ್ಚಿದ ಮೇಲೆ

ಮೈಕಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಆ ಲಾಂಡ್ರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಮೈಕಮ್ಮನೇ. ಒಗೆಯುವ ಯಂತ್ರಗಳು ಸಾಲಾಗಿ ನಿಂತು ಎಷ್ಟೇ ಗುಡುಗಲಿ, ಅವಳ ದನಿ ಆ ಗದ್ದಲದ ಹೆಗಲ ಮೇಲೆ ಹತ್ತಿ ಕೂರುತ್ತಿತ್ತು. ಮಾಲೀಕನಿಗೊಂದು ಅಡ್ಡಹೆಸರು, ಅವನ ಬೋಳುತಲೆಗೆ ಬೇರೆಯೇ ಒಂದು, ಪದೇ ಪದೇ ಕೆಟ್ಟು ನಿಲ್ಲುವ ಯಂತ್ರಕ್ಕೆ ತನ್ನ ಸತ್ತ ಗಂಡನ ಹೆಸರು. ಯಾರಿಗೂ ರಿಯಾಯಿತಿ ಇಲ್ಲ. ಅವಳಿಂದ ಬೈಸಿಕೊಳ್ಳದ ದಿನ ಅಲ್ಲಿನ ಹೆಂಗಸರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ ಎಂದರೆ ಸುಳ್ಳಾಗದು.

ಇಂಥವಳಿಗೆ ಜೀವದ ಗೆಳತಿ ಇಸ್ತ್ರಿಯಮ್ಮ. ಇಸ್ತ್ರಿ ಮೇಜಿನ ಹಿಂದೆ ನಿಂತೂ ನಿಂತೂ ಹೆಸರೇ ಹಾಗಾಗಿಹೋಗಿತ್ತು. ಅವಳದು ಎಣ್ಣೆ ಹಾಕಿದ ಬಾಗಿಲಿನಂಥ ಮಾತು, ಸದ್ದೇ ಇಲ್ಲ. ಗಂಡ ಮನೆ ಬಿಟ್ಟು ಹೋದ ವರ್ಷ, ಕಂಕುಳಲ್ಲಿ ಮಗು ಇಟ್ಟುಕೊಂಡು ಲಾಂಡ್ರಿಯ ಗೇಟಿನ ಹತ್ತಿರ ನಿಂತಿದ್ದವಳನ್ನು ಒಳಗೆ ಎಳೆದುಕೊಂಡು ಬಂದವಳು ಮೈಕಮ್ಮ. "ಇವಳಿಗೆ ಕೆಲಸ ಕೊಡ್ದಿದ್ರೆ ನಾಳೆಯಿಂದ ನಿಮ್ಮ ಚಾದರ ನೀವೇ ಒಕ್ಕೊಳ್ಳಿ" ಎಂದು ಮಾಲೀಕನ ಮುಖದ ಮೇಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಆ ಮಗುವಿಗೆ ಜ್ವರ ಏರಿದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳೂ ಅವಳೇ. ಮಗು ಈಗ ಮದುವೆ ವಯಸ್ಸಿನ ಹುಡುಗಿ. ಮೈಕಮ್ಮನನ್ನು ದೊಡ್ಡಮ್ಮ ಎಂದೇ ಕರೆಯುತ್ತಾಳೆ.

ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬರುವ ಬಟ್ಟೆಯ ಗಂಟುಗಳನ್ನು ಬಿಚ್ಚಿ ಬೇರೆ ಮಾಡುವ ಕಟ್ಟೆಗೆ ಮೈಕಮ್ಮ ಒಡತಿ. ಬಂದ ಗಂಟುಗಳಲ್ಲಿ ಒಂದೊಂದು ಯಂತ್ರಕ್ಕೆ ನೇರ ಹಾಕಲಾಗದಂಥದ್ದು ಇರುತ್ತದೆ. ರಕ್ತ, ವಾಂತಿ, ಅದಕ್ಕಿಂತ ಹೇಸಿಗೆಯದು. ಅದನ್ನು ಹಿಂದಿನ ಕೋಣೆಗೆ ಹೊತ್ತು, ಒಗೆಯುವ ಸೋಡಾ ಕಲಸಿದ ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಂದ ಉಜ್ಜಬೇಕು. ಕೈಗವಸು ಇತ್ತು, ಬೆರಳ ತುದಿಯಲ್ಲೆಲ್ಲ ಹರಿದದ್ದು. ಆಸೆಪಟ್ಟು ಮಾಡುವ ಕೆಲಸವಲ್ಲವಲ್ಲ, ಅದಕ್ಕೇ ಹೆಂಗಸರು ತಮ್ಮೊಳಗೆ ಪಾಳಿ ಮಾಡಿಕೊಂಡಿದ್ದರು. ಅಂಥ ಗಂಟು ಬಿಚ್ಚಿದ ಕೂಡಲೇ ಮೈಕಮ್ಮ ಮೂಗು ಹಿಡಿದುಕೊಂಡು "ಆಚೆದಂಡೇ!" ಎಂದು ಕೂಗುವಳು. ಪಾಳಿ ಯಾರದೋ ಅವಳು "ಬಂದೆ" ಎಂದು ಏಳಬೇಕು. ಎದ್ದು ಹೋಗುವಾಗ ಮುಂದಿನ ಪಾಳಿಯವಳ ಬೆನ್ನಿಗೊಂದು ಗುದ್ದಿ "ಇನ್ನು ನೀನು" ಅನ್ನಬೇಕು. ಕೂಗು, ಗುದ್ದು, ಒಂದಿಷ್ಟು ನಗು. ಪಾಳಿ ಉರುಳುತ್ತಿದ್ದುದು ಹೀಗೆ. ಬರೆದಿಟ್ಟ ಕಾನೂನಲ್ಲ, ಮಾಲೀಕನಿಗೆ ಗೊತ್ತೂ ಇರಲಿಲ್ಲ.

ಆಚೆದಂಡೆ ಎಂದರೆ ಊರಿನ ನಡುವೆ ಹರಿಯುವ ನದಿಯ ಆ ಕಡೆ. ಅಲ್ಲಿಯ ಜನ ಕೊಳಕರು ಎಂದು ಈ ಕಡೆಯವರು ಯಾವ ಕಾಲದಲ್ಲಿ ತೀರ್ಮಾನ ಮಾಡಿದರೋ, ಹೇಳುವವರಿಲ್ಲ. ಕುಡಿಯುವ ನೀರು ಇಬ್ಬರಿಗೂ ಅದೇ ನದಿಯದು. ಅವರ ಮಾತಿನ ಕೊನೆಯಲ್ಲೊಂದು ಎಳೆತ ಇತ್ತು, ವ್ಯತ್ಯಾಸ ಅಂದರೆ ಅಷ್ಟೇ. ಆ ಎಳೆತವನ್ನು ಅಣಕಿಸುವುದರಲ್ಲಿ ಮೈಕಮ್ಮನದು ಎತ್ತಿದ ಕೈ. ಅವಳು ಶುರು ಮಾಡಿದರೆ ಇಸ್ತ್ರಿಯಮ್ಮನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಷ್ಟೋ ವರ್ಷ ನಕ್ಕಳು. ಮಗಳು ಆ ದಂಡೆಯ ಹುಡುಗನನ್ನು ಮೆಚ್ಚಿಕೊಂಡು ಬರುವ ತನಕ ನಕ್ಕಳು.

ಹುಡುಗ ಲಿಫ್ಟ್ ರಿಪೇರಿ ಮಾಡುವವನು. ಒಳ್ಳೆಯವನು, ಮಾತಿಗೆ ಮುಂಚೆ ನಗುವವನು. ಇಸ್ತ್ರಿಯಮ್ಮ ಮೊದಲು ಅತ್ತಳು, ಆಮೇಲೆ ಮಗಳ ಮುಖ ನೋಡಿದಳು, ಆಮೇಲೆ ಒಪ್ಪಿದಳು. ಕಷ್ಟ ಇದ್ದುದು ಹುಡುಗನ ತಾಯಿಯ ಕಡೆ. ಆಕೆ ವಯಸ್ಸಿನಲ್ಲಿ ಈ ದಂಡೆಯ ಮನೆಗಳಲ್ಲಿ ಕೆಲಸ ಮಾಡಿ, ಬೇಕಾದಷ್ಟು ಕೇಳಿಸಿಕೊಂಡು ಬಂದವಳು. "ನೋಡೀ, ನಿಮ್ಮ ಮಗಳು ಚಿನ್ನದಂಥವಳು, ಇಲ್ಲ ಅನ್ನಲ್ಲಾ. ಆದ್ರೆ ನನ್ನ ಮಕ್ಕಳಿಗೆ ನಿಮ್ಮ ಕಡೆಯಿಂದ ಒಂದೇ ಒಂದು ಕೀಳು ಮಾತು ಬಂದ್ರೂ ಈ ಸಂಬಂಧ ಅಲ್ಲಿಗೇ ಮುಗೀತೂ. ಆಮೇಲೆ ಯಾರು ಕಾಲು ಹಿಡಿದ್ರೂ ಇಲ್ಲಾ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಮಗಳು ಕೋಣೆಯ ಬಾಗಿಲ ಹಿಂದೆ ನಿಂತು ಇದನ್ನು ಕೇಳಿ ಆ ದಿನ ಉಣ್ಣಲಿಲ್ಲ.

ಸಾಲದ್ದಕ್ಕೆ ಆಕೆ ಇನ್ನೊಂದು ಕೇಳಿದಳು. ಹುಡುಗನ ತಂಗಿ ಓದು ಮುಗಿಸಿ ಮನೆಯಲ್ಲಿದ್ದಳು. "ನಿಮ್ಮಲ್ಲೇ ಸೇರಿಸಿಕೊಳ್ತೀರಾ? ನಿಮ್ಮ ಕಣ್ಣೆದುರಿಗೇ ಇರ್ತಾಳೇ." ಕೇಳಿದ್ದು ಉಪಕಾರವೋ, ಒಡ್ಡಿದ್ದು ಪರೀಕ್ಷೆಯೋ, ಯಾರಿಗೆ ಗೊತ್ತು. ಬೀಗಿತ್ತಿಯಾಗುವವಳು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಇಸ್ತ್ರಿಯಮ್ಮ ಮೈಕಮ್ಮನಿಗೆ "ಗೊತ್ತಿರೋರ ಮಗಳು ಕಣೇ" ಎಂದಷ್ಟೇ ಹೇಳಿ ಹುಡುಗಿಯನ್ನು ಕರೆತಂದಳು. ದಾರಿಯಲ್ಲಿ ಹುಡುಗಿಗೆ ಹೇಳಿಕೊಟ್ಟಳು: "ಅಲ್ಲಿ ನನ್ನನ್ನ ಅತ್ತೆ ಅನ್ಬೇಡಮ್ಮ, ಅಕ್ಕ ಅನ್ನು. ಸಂಬಂಧದ ಮಾತು ಗಟ್ಟಿಯಾಗೋ ತನಕ ಯಾರಿಗೂ ಬೇಡ. ಕಣ್ಣು ಬೀಳುತ್ತೆ." ಹುಡುಗಿ ಆಗಲಿ ಎಂದು ತಲೆಯಾಡಿಸಿದಳು. ಕಣ್ಣು ಯಾರದು ಎಂದು ಅವಳೇನೂ ಕೇಳಲಿಲ್ಲ.

ಮೊದಲ ದಿನ ಹುಡುಗಿ "ನಮಸ್ಕಾರಾ" ಎಂದದ್ದೇ ತಡ, ಮೈಕಮ್ಮ ಎರಡೂ ಕೈ ಮೇಲೆತ್ತಿದಳು. "ಅಯ್ಯಯ್ಯಪ್ಪಾ! ಆಚೆದಂಡೆ ಗಂಟಿಗೆ ಆಚೆದಂಡೆಯಿಂದಲೇ ಆಳು ಬಂತಲ್ರೇ! ಇನ್ನೇನು ಬೇಕು ನಮಗೆ!" ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಅದೇ ಮಧ್ಯಾಹ್ನ ಅದೇ ಮೈಕಮ್ಮ ತನ್ನ ಡಬ್ಬಿಯ ಊಟದಲ್ಲಿ ಅರ್ಧ ಅವಳ ಮುಂದೆ ಸುರಿದು, "ತಿನ್ನೇ, ಗುಬ್ಬಿ ಹಾಗಿದ್ದೀಯ, ಗಾಳಿ ಬಂದ್ರೆ ಹಾರಿಹೋಗ್ತೀಯ" ಎಂದಳು. ಅಲ್ಲಿಂದ ಹುಡುಗಿ ಗುಬ್ಬಿಯಾದಳು. ಗಂಟು ಬಂದಾಗ ಕೂಗು ಮಾತ್ರ ನಿಲ್ಲಲಿಲ್ಲ. ಕೂಗಿ, ಗುಬ್ಬಿಯ ಕಡೆ ತಿರುಗಿ, "ನಿನಗಲ್ಲ ಕಣೇ, ಗಂಟಿಗೆ" ಎಂದು ಕಣ್ಣು ಮಿಟುಕಿಸುವುದೊಂದು ಹೊಸದಾಗಿ ಸೇರಿತು. ಗುಬ್ಬಿಯೂ ನಗುತ್ತಿದ್ದಳು. ತುಟಿ ಬಿಚ್ಚದ ನಗು. ತನ್ನ ಪಾಳಿಯ ದಿನ "ಬಂದೇ" ಎಂದು ಎದ್ದು ಹೋಗುತ್ತಿದ್ದಳು, ಮುಂದಿನವಳ ಬೆನ್ನಿಗೆ ಮೆತ್ತಗೆ ಒಂದು ಗುದ್ದುತ್ತಿದ್ದಳು. ಮನೆಯಲ್ಲಿ ತಾಯಿ ಕೇಳಿದರೆ "ಎಲ್ಲಾ ಒಳ್ಳೆಯವರಮ್ಮಾ" ಎನ್ನುತ್ತಿದ್ದಳು. ಇದು ತನ್ನ ಮಗಳ ಬಾಯಿಂದ ಇಸ್ತ್ರಿಯಮ್ಮನಿಗೆ ತಿಳಿಯಿತು.

ತಿಳಿದು ಸಮಾಧಾನವಾಗಲಿಲ್ಲ, ದಿಗಿಲು ಹೆಚ್ಚಾಯಿತು. ಇವತ್ತು ಹೇಳಿಲ್ಲ, ನಾಳೆ ಹೇಳಿದರೆ? ಭಾನುವಾರ ಬೀಗಿತ್ತಿ ದಿನ ಗೊತ್ತು ಮಾಡಲು ಬರುತ್ತಿದ್ದಾಳೆ. ಗುಬ್ಬಿಯ ಬಾಯಿಂದ ಆ ಒಂದು ಪದ ಜಾರಿದರೆ ಮಗಳ ಮದುವೆ ನೀರಿಗೆ ಬಿದ್ದ ಹಾಗೆಯೇ. ಮೈಕಮ್ಮನಿಗೆ ನಿಜ ಹೇಳೋಣವೆಂದರೆ, ಮಗಳನ್ನು ಕೊಡುವ ಮನೆ ಯಾವುದೆಂದು ತಿಳಿದ ದಿನ ಅವಳು ಏನು ಕೂಗಬಹುದು, ಆ ಕೂಗಿಗೆ ಅಷ್ಟೂ ಹೆಂಗಸರು ಹೇಗೆ ನಗಬಹುದು, ಅದು ಇಸ್ತ್ರಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ತಾನೂ ನಕ್ಕವಳಲ್ಲವೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಸ್ತ್ರಿ ಆಡಿಸುತ್ತಾ ಆಡಿಸುತ್ತಾ ಮಾತನ್ನು ಮಡಿಕೆ ಮಾಡಿ ಸಿದ್ಧ ಮಾಡಿಕೊಂಡಳು.

ಚಾದರ ಒಣಹಾಕುವ ಮಹಡಿಯ ಮೇಲೆ ಇಬ್ಬರೂ ಚಹಾ ಕುಡಿಯುವ ಹೊತ್ತಿಗೆ ಬಾಯಿ ತೆರೆದಳು.

"ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬಾರದು."

"ಯಾರು ಸತ್ರು?" ಎಂದಳು ಮೈಕಮ್ಮ.

"ಯಾರೂ ಸತ್ತಿಲ್ಲ. ಆ ಗಂಟು ಬಂದಾಗ ಕೂಗ್ತೀಯಲ್ಲ, ಅದು."

"ಏನಾಯ್ತು ಅದಕ್ಕೆ?"

"ಅದನ್ನ ಬಿಟ್ಟುಬಿಡೇ. ಬೇರೆ ಏನಾದ್ರೂ ಕೂಗು. ಅದು ಜನರ ಹೆಸರು, ಹೇಸಿಗೆಯ ಹೆಸರಲ್ಲ. ನೀನು ಕೆಟ್ಟವಳು ಅಂತ ನಾನು ಹೇಳ್ತಿಲ್ಲ, ನಿನ್ನ ಮನಸ್ಸು ನನಗೆ ಗೊತ್ತಿಲ್ವಾ? ಆದ್ರೆ ಕೇಳೋರಿಗೆ ಮನಸ್ಸು ಕಾಣಲ್ಲ, ಮಾತು ಕೇಳಿಸುತ್ತೆ."

ಎಷ್ಟು ಚೆನ್ನಾಗಿ ಹೇಳಿದಳು ನೋಡಿ! ಗೆಳತಿಗೆ ಹೇಳಬೇಕಾದದ್ದನ್ನು ಗೆಳತಿಗೆ ಹೇಳುವ ಹಾಗೆಯೇ ಹೇಳಿದಳು. ಇಲ್ಲಿಗೆ ನಿಲ್ಲಿಸಿ ಎದ್ದಿದ್ದರೆ ನಾವೆಲ್ಲ ಅವಳಿಗೆ ಕೈ ಮುಗಿಯಬಹುದಿತ್ತು.

ಮೈಕಮ್ಮ ಲೋಟ ತುಟಿಯಿಂದ ಇಳಿಸಿ ಕೇಳಿದಳು: "ಯಾರಿಗೆ ನೋವಾಯ್ತು? ನಿನಗಾ?"

"ನನಗೇ" ಎಂದಿದ್ದರೆ ಆಗುತ್ತಿತ್ತು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಇಷ್ಟು ವರ್ಷ ನಕ್ಕವಳಿಗೆ ಈಗ್ಯಾಕೆ ನೋವು? ಅದಕ್ಕೆ ಉತ್ತರ ಕೊಟ್ಟರೆ ಮಗಳ ಹೆಸರು ಹೊರಬೀಳುತ್ತದೆ. ಇಸ್ತ್ರಿಯಮ್ಮ ಚಹಾದ ಲೋಟದೊಳಗೆ ನೋಡುತ್ತಾ ಹೇಳಿದಳು: "ನನಗ್ಯಾಕೆ ನೋವು? ಗುಬ್ಬಿಗೆ. ಪಾಪ, ನನ್ನ ಹತ್ರ ಹೇಳ್ಕೊಂಡು ಅತ್ತಳು."

"ಅತ್ತಳಾ?"

"ತುಂಬಾ ಅತ್ತಳು. ನಿನಗೆ ಹೇಳ್ಬೇಡಿ ಅಂದಳು."

ಗುಬ್ಬಿ ಅತ್ತಿರಲಿಲ್ಲ. ಹೇಳಿರಲೂ ಇಲ್ಲ. ಆದರೆ ಸುಳ್ಳಿಗೆ ಒಂದು ಚೂರು ಕಣ್ಣೀರು ಬೆರೆಸಿದರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು.

"ನನ್ನ ಮುಂದೆ ನಗ್ತಾಳೆ, ನಿನ್ನ ಮುಂದೆ ಅಳ್ತಾಳೆ" ಎಂದು ಮೈಕಮ್ಮ ಲೋಟದ ತಳದ ಚಹಾ ಚೆಲ್ಲಿದಳು. ಆಮೇಲೆ ಗೆಳತಿಯ ಕೈ ಹಿಡಿದು ಅಮುಕಿದಳು. "ಹೇಳಿದ್ದು ಒಳ್ಳೇದಾಯ್ತು ಬಿಡು. ನೀನಲ್ದೆ ಇನ್ಯಾರು ಹೇಳ್ತಾರೆ ನನಗೆ."

ಇಸ್ತ್ರಿಯಮ್ಮ ಹೂವಿನ ಹಾಗೆ ಹಗುರಾಗಿ ಮೆಟ್ಟಿಲಿಳಿದು ಬಂದಳು. ಬೀಸುವ ದೊಣ್ಣೆ ತಪ್ಪಿತು ಅಂದುಕೊಂಡಳು. ಅದು ಬೇರೆಯವರ ತಲೆಯ ಕಡೆ ತಿರುಗಿದೆ ಎಂದು ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದಳೋ, ಅವಳ ಹೊಟ್ಟೆಯೊಳಗೆ ಹೊಕ್ಕು ನೋಡಿದವರಿಲ್ಲ.

ಮರುದಿನ ಬೆಳಿಗ್ಗೆ ಮೈಕಮ್ಮ ಯಂತ್ರಗಳನ್ನೆಲ್ಲ ನಿಲ್ಲಿಸಿದಳು. ಸಾಲು ಸಾಲಾಗಿ ಒಂದೊಂದೇ ತಣ್ಣಗಾದಾಗ ಕೋಣೆ ವಿಚಿತ್ರವಾಗಿ ದೊಡ್ಡದಾಯಿತು. "ಎಲ್ಲಾ ಬನ್ರೇ ಇಲ್ಲಿ, ಕೇಳಿ! ನಾನು ಕೊಳಕು ಬಾಯಿಯವಳು. ಇಷ್ಟು ದಿನ ನಿಮಗ್ಯಾರಿಗೂ ಹೇಳೋಕೆ ಧೈರ್ಯ ಬರ್ಲಿಲ್ಲ, ಒಬ್ಬಳಿಗೆ ಬಂತು. ಗುಬ್ಬೀ, ಬಾಮ್ಮ, ಮುಂದೆ ಬಾ."

ಗುಬ್ಬಿ ಕೈಯಲ್ಲಿದ್ದ ದಿಂಬಿನ ಚೀಲ ಹಿಡಿದುಕೊಂಡೇ ಬಂದಳು. ಮೈಕಮ್ಮ ಅವಳೆದುರು ಕೈ ಮುಗಿದು ನಿಂತಳು. ತಾಯಿಯ ವಯಸ್ಸಿನವಳು ಮುಗಿದ ಕೈ ನೋಡಿ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಮಾತಿಂದ ನೀನು ನೊಂದ್ಕೊಂಡೆಯಂತೆ. ಕಣ್ಣೀರು ಹಾಕಿದೆಯಂತೆ. ನನ್ನ ಡಬ್ಬೀಲಿ ಉಣ್ಣುವಾಗ ಹೇಳೋಕೆ ನಿನಗೆ ಬಾಯಿ ಬರ್ಲಿಲ್ಲ, ಹಿಂದಿನಿಂದ ಹೇಳಿದೆ. ಇರ್ಲಿ. ತಪ್ಪು ನಂದು. ಎಲ್ಲರ ಮುಂದೆ ಕೇಳ್ತಿದ್ದೀನಿ, ಕ್ಷಮಿಸು ತಾಯಿ."

"ನಾನಾ?" ಎಂದಳು ಗುಬ್ಬಿ. "ನಾನು ಏನೂ ಹೇಳಿಲ್ಲವಲ್ಲಾ..."

ಆ ಎಳೆತಕ್ಕೆ ಹಿಂದೆ ಯಾರೋ ಕಿಸಕ್ಕೆಂದರು.

"ಹಾಗಾದ್ರೆ ನನ್ನ ಗೆಳತಿ ಸುಳ್ಳಿಯಾ?" ಮೈಕಮ್ಮ ನಿಧಾನವಾಗಿ ಇಸ್ತ್ರಿ ಮೇಜಿನ ಕಡೆ ತಿರುಗಿದಳು. ಅವಳ ಜೊತೆ ಎಲ್ಲರ ತಲೆಗಳೂ ತಿರುಗಿದವು. ಕೊನೆಗೆ ಗುಬ್ಬಿಯದೂ.

ಇಸ್ತ್ರಿಯಮ್ಮನ ಕೈಯ ಕೆಳಗೆ ಬಿಳಿ ಚಾದರ ಸೀದು ಕಂದಾಗತೊಡಗಿತ್ತು. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಬದಿಗಿಟ್ಟು, ಮಗುವಿಗೆ ಕಹಿ ಔಷಧ ಕುಡಿಸುವವರ ದನಿಯಲ್ಲಿ ಹೇಳಿದಳು: "ಹೇಳಿದ್ದೆಯಲ್ಲಮ್ಮಾ ಗುಬ್ಬಿ. ಮರೆತೆಯಾ?"

ಥೂ, ಎಂಥ ಮಾತು! ಹುಡುಗಿ ಅವಳನ್ನೇ ನೋಡಿದಳು. ಮೊದಲು ಅರ್ಥವಾಗದೆ ನೋಡಿದಳು, ಆಮೇಲೆ ಅರ್ಥವಾಗಿ ನೋಡಿದಳು. ಅಣ್ಣನ ಅತ್ತೆಯಾಗುವವಳು. ಭಾನುವಾರ. ಮನೆಯಲ್ಲಿ ಅಣ್ಣ ಕನ್ನಡಿಯ ಮುಂದೆ ನಿಂತು ಅಂಗಿ ಬದಲಿಸಿ ಬದಲಿಸಿ ನೋಡಿಕೊಳ್ಳುವುದನ್ನು ಅವಳು ಆ ವಾರವೆಲ್ಲ ಛೇಡಿಸಿದ್ದಳು.

"ಹೌದಕ್ಕಾ. ಹೇಳಿದ್ದೆ. ಮರೆತಿದ್ದೇ."

"ಕ್ಷಮಿಸಿದ್ದೀಯಾ ನನ್ನ?"

"ಕ್ಷಮಿಸಿದ್ದೀನೀ."

"ಜೋರಾಗಿ ಹೇಳಮ್ಮ, ಹಿಂದಿನವರಿಗೆ ಕೇಳಿಸಲ್ಲ."

"ಕ್ಷಮಿಸಿದ್ದೀನಿ" ಎಂದಳು ಗುಬ್ಬಿ, ಈ ಸಲ ಎಳೆತವೇ ಇಲ್ಲದೆ, ಈ ದಂಡೆಯವರ ಹಾಗೆ. ಯಾರೋ ಚಪ್ಪಾಳೆ ತಟ್ಟಿದರು. ಮೈಕಮ್ಮ ಕಣ್ಣೊರೆಸಿಕೊಂಡಳು. ಕಣ್ಣಲ್ಲಿ ನೀರು ನಿಜವಾಗಿಯೂ ಇತ್ತು. ಯಂತ್ರಗಳು ಮತ್ತೆ ಗುಡುಗಿದವು.

ಅದೇ ದಿನ ಮಧ್ಯಾಹ್ನಕ್ಕೆ ಮುಂಚೆ ಅಂಥದ್ದೊಂದು ಗಂಟು ಬಂತು. ಮೈಕಮ್ಮ ಬಿಚ್ಚಿದಳು, ಮೂಗು ಹಿಡಿದಳು, ಅಭ್ಯಾಸಬಲದಿಂದ ಬಾಯಿ ತೆರೆದಳು. ತೆರೆದದ್ದು ಹಾಗೇ ಮುಚ್ಚಿತು. ತುಟಿಯ ಮೇಲೆ ಬೆರಳಿಟ್ಟುಕೊಂಡು ಗುಬ್ಬಿಯ ಕಡೆ ನೋಡಿದಳು. ಮಾತಿಲ್ಲ, ಬರೀ ನೋಟ. ಎಲ್ಲರೂ ಗುಬ್ಬಿಯ ಕಡೆ ನೋಡಿದರು. ಪಾಳಿ ಅವಳದಲ್ಲ, ಗುಂಡಿ ಹೊಲಿಯುವ ಉದ್ದಕ್ಕನದು. ಉದ್ದಕ್ಕ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದಳು. ಕೂಗಿಲ್ಲದೆ ಅವಳು ಯಾಕೆ ಏಳಬೇಕು? ನೋಟಗಳು ಮೈಮೇಲಿಂದ ಇಳಿಯುವುದಿಲ್ಲ ಎಂದು ತಿಳಿದಾಗ ಗುಬ್ಬಿಯೇ ಎದ್ದು ಗಂಟು ಹೊತ್ತುಕೊಂಡು ಹೋದಳು. "ಬಂದೆ" ಅನ್ನುವಂತಿರಲಿಲ್ಲ, ಯಾರೂ ಕರೆದಿರಲಿಲ್ಲವಲ್ಲ. ಮುಂದಿನವಳ ಬೆನ್ನು ಗುದ್ದುವಂತಿರಲಿಲ್ಲ, ಮುಂದಿನವಳು ಅಂತ ಒಬ್ಬಳು ಇರಲೇ ಇಲ್ಲ.

ಸಂಜೆಯ ಗಂಟೂ ಅವಳದೇ. ಮರುದಿನದ್ದೂ ಅವಳದೇ. ಪಾಳಿ ಅವಳ ಮೇಲೆ ಬಂದು ಕೂತದ್ದು ಏಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಆ ಬರೆಯನ್ನು ಇಲ್ಲಿ ದಿನಕ್ಕೆರಡು ಸಲ ಎಳೆದರು, ಅದೂ ಉಸಿರೆತ್ತದೆ. ಊಟದ ಹೊತ್ತಿಗೆ ಗುಬ್ಬಿ ಬಂದು ಕೂತರೆ ಮಾತು ನಿಂತುಹೋಗುತ್ತಿತ್ತು. "ಹುಷಾರು ಕಣ್ರೇ, ಏನಾದ್ರೂ ಅಂದುಬಿಟ್ರೆ ಮತ್ತೆ ಯಂತ್ರ ನಿಲ್ಲಿಸ್ಬೇಕಾಗುತ್ತೆ" ಎಂದು ಉದ್ದಕ್ಕ ಒಂದು ಸಲ ಅಂದಳು. ಅಷ್ಟೇ, ಅದರ ಮೇಲೆ ಅದನ್ನೂ ಅನ್ನಲಿಲ್ಲ. ಮೈಕಮ್ಮನ ಡಬ್ಬಿಯ ಅರ್ಧ ಊಟ ಡಬ್ಬಿಯಲ್ಲೇ ಉಳಿಯಿತು. ಗುಬ್ಬಿ ಎಂಬ ಹೆಸರೂ ನಿಂತಿತು. ಅವಳನ್ನು ಕರೆಯುವುದೇ ಬೇಕಿರಲಿಲ್ಲ, ನೋಡಿದರೆ ಸಾಕಿತ್ತು.

ಹರಿದ ಕೈಗವಸಿನಿಂದ ಸೋಡಾ ನೀರು ಒಳಗಿಳಿದು ಮೂರೇ ದಿನದಲ್ಲಿ ಅವಳ ಬೆರಳ ಸಂದಿಗಳು ಸುಲಿದವು. ಉಗುರಿನ ಸುತ್ತ ಕೆಂಪಗೆ ಬಿರುಕು ಬಿಟ್ಟಿತು. ಮಡಿಸಿದ ಚಾದರ ತಂದು ಇಸ್ತ್ರಿ ಮೇಜಿನ ಮೇಲಿಡುವಾಗ ಅವಳು ಬೆರಳು ತಾಗಿಸದೆ ಅಂಗೈಯಿಂದ ತಳ್ಳುವುದನ್ನು ಇಸ್ತ್ರಿಯಮ್ಮ ಕಂಡಳು. ಕಂಡು, ಚಾದರ ಬಿಡಿಸಿ, ಇಸ್ತ್ರಿ ಹಾಕಿದಳು. ಇನ್ನೊಂದು ಬಂತು, ಅದಕ್ಕೂ ಹಾಕಿದಳು.

ತಡೆಯಲಾರದೆ ಒಂದು ದಿನ ಕಟ್ಟೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಪಾಳಿ ಹಾಕೇ. ಆ ಮಗು ಕೈ ನೋಡೋಕಾಗ್ತಿಲ್ಲ."

"ನಾನೇನಂದೆ ಅವಳಿಗೆ?" ಎಂದಳು ಮೈಕಮ್ಮ.

"ಏನೂ ಅಂದಿಲ್ಲ, ಆದ್ರೆ..."

"ನೀನು ಬಾಯಿ ಮುಚ್ಚು ಅಂದೆ, ಮುಚ್ಚಿದ್ದೀನಿ. ಕಣ್ಣನ್ನೂ ಮುಚ್ಕೋಬೇಕಾ?" ಗಂಟಿನ ಹಗ್ಗವನ್ನು ಕಟ್ಟೆಯ ಮೇಲೆ ಬಡಿದಳು. "ಇದೇ ಕೊಳಕು ಬಾಯಿ ಕೂಗಿದ್ದಕ್ಕೆ ನೀನು ಗೇಟಿಂದ ಒಳಗೆ ಬಂದೆ. ಅವತ್ತು ಹೇಸಿಗೆ ಅನ್ನಿಸ್ಲಿಲ್ಲ ನಿನಗೆ. ನಿನ್ನೆ ಮೊನ್ನೆ ಬಂದ ಹುಡುಗಿಗೋಸ್ಕರ ನನಗೆ ಬುದ್ಧಿ ಹೇಳೋಕೆ ಬಂದೆ. ಯಾರೇ ಅವಳು? ಏನಾಗ್ಬೇಕು ಅವಳು ನಿನಗೆ? ಹೇಳು, ಈಗಲೇ ಬಿಡಿಸ್ತೀನಿ ಅವಳನ್ನ ಆ ತೊಟ್ಟಿಯಿಂದ. ನನ್ನ ಕೈಯಾರೆ ಮುಲಾಮು ಹಚ್ತೀನಿ."

ಹೇಳಿದ್ದರೆ ಮಾಡುತ್ತಿದ್ದಳು. ಮೈಕಮ್ಮ ಎಂಥವಳೇ ಇರಲಿ, ಮಾತಿಗೆ ತಪ್ಪುವವಳಲ್ಲ. 'ಮಗಳ ನಾದಿನಿ' ಎಂಬ ಎರಡು ಪದ ಇಸ್ತ್ರಿಯಮ್ಮನ ನಾಲಿಗೆಯ ತುದಿಯವರೆಗೆ ಬಂದವು. ಉದ್ದಕ್ಕ ಸೂಜಿ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅವಳ ಪಕ್ಕದವಳೂ.

"ಏನೂ ಆಗ್ಬೇಕಿಲ್ಲ" ಎಂದಳು ಇಸ್ತ್ರಿಯಮ್ಮ. "ಗೊತ್ತಿರೋರ ಮಗಳು, ಅಷ್ಟೇ."

"ಹಾಗಾದ್ರೆ ಹೋಗಿ ನಿನ್ನ ಇಸ್ತ್ರಿ ನೋಡ್ಕೋ."

ಭಾನುವಾರ ಬೀಗರು ಬಂದರು. ತಾಯಿ, ಮಗ, ಹಿಂದೆ ಗುಬ್ಬಿ. ಇಸ್ತ್ರಿಯಮ್ಮನ ಎರಡು ಕೋಣೆಯ ಮನೆ ಅವತ್ತು ಉಜ್ಜಿ ತೊಳೆದು ಥಳಥಳ ಅನ್ನುತ್ತಿತ್ತು. ಮಗಳು ಮೂರು ಸಲ ತಲೆ ಬಾಚಿಕೊಂಡಿದ್ದಳು. ಹುಡುಗ ಯಾವ ಅಂಗಿ ಹಾಕಿಕೊಂಡು ಬಂದಿದ್ದನೋ, ಅದರ ಗುಂಡಿ ಒಂದು ಮೇಲೆ ಕೆಳಗಾಗಿತ್ತು. ಅದನ್ನು ಕಂಡು ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಷ್ಟು ದಿನವಾಗಿತ್ತು ಆ ಮನೆಯಲ್ಲಿ ಯಾರಾದರೂ ಹಾಗೆ ನಕ್ಕು! ಗುಬ್ಬಿ ಉದ್ದ ತೋಳಿನ ಅಂಗಿ ತೊಟ್ಟು, ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು.

ಚಹಾ ಕುಡಿದಾದ ಮೇಲೆ ಬೀಗಿತ್ತಿ ನೇರವಾಗಿಯೇ ಕೇಳಿದಳು. ಸುತ್ತು ಬಳಸು ಆಕೆಗೆ ಗೊತ್ತಿಲ್ಲ. "ದಿನ ಗೊತ್ತು ಮಾಡೋ ಮುಂಚೆ ಒಂದು ಮಾತು ಕೇಳ್ಬೇಕೂ. ಮಗಳೇ, ನಿನ್ನ ಕೆಲಸದ ಜಾಗದಲ್ಲಿ ಆ ಪದ ಅಂತಾರಾ? ನಿಜ ಹೇಳೂ. ನಾನು ಅಲ್ಲೆಲ್ಲ ಇದ್ದು ಬಂದವಳೂ."

ಇಸ್ತ್ರಿಯಮ್ಮ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸತೊಡಗಿದಳು.

"ಮೊದಲು ಅಂತಿದ್ದರಮ್ಮಾ" ಎಂದಳು ಗುಬ್ಬಿ. "ಈಗ ಯಾರೂ ಅನ್ನಲ್ಲಾ. ಅತ್ತೆಯೇ ಹೇಳಿ ನಿಲ್ಲಿಸಿದ್ರೂ. ಅವರ ಗೆಳತಿ ಎಲ್ಲರ ಮುಂದೆ ನನಗೆ ಕೈ ಮುಗಿದು ಕ್ಷಮೆ ಕೇಳಿದ್ರೂ. ಈಗ ನನಗೆ ಯಾರೂ ಏನೂ ಅನ್ನಲ್ಲಾ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೀಗಿತ್ತಿಯ ಕಣ್ಣು ತುಂಬಿ ಬಂತು. ಎದ್ದು ಬಂದು ಇಸ್ತ್ರಿಯಮ್ಮನ ಎರಡೂ ಕೈ ಹಿಡಿದುಕೊಂಡಳು. "ನನ್ನ ಜೀವಮಾನದಲ್ಲಿ ಈ ದಂಡೆಯವರೊಬ್ಬರು ನಮಗೋಸ್ಕರ ಬಾಯಿ ತೆರೆದದ್ದು ಇದೇ ಮೊದಲೂ. ಅದೂ ಗೆಳತೀನ ಎದುರು ಹಾಕ್ಕೊಂಡೂ. ನಿಮ್ಮ ಮಗಳನ್ನ ನಾನು ಕಣ್ಣಲ್ಲಿಟ್ಟು ನೋಡ್ಕೊಳ್ತೀನೀ." ಹುಡುಗ ಹೆಮ್ಮೆಯಿಂದ ಅತ್ತೆಯ ಕಡೆ ನೋಡಿದ. ಮಗಳು ಬಂದು ತಾಯಿಯ ಭುಜಕ್ಕೆ ಒರಗಿದಳು. ಇಸ್ತ್ರಿಯಮ್ಮನಿಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಅದು ಬಿಡಲಿಲ್ಲ.

ಲೋಟಗಳನ್ನು ಎತ್ತಿಕೊಂಡು ಅಡುಗೆಕೋಣೆಗೆ ಹೋದಳು. ಹಿಂದೆಯೇ ಗುಬ್ಬಿ ಬಂದು ನಲ್ಲಿಯ ಕೆಳಗೆ ಕೈ ಚಾಚಿದಳು.

"ಬೇಡಮ್ಮ, ನೀನು ನೀರಿಗೆ ಕೈ ಹಾಕ್ಬೇಡ!"

"ಅಭ್ಯಾಸ ಆಗಿದೆ ಅತ್ತೇ."

ಬಿರಿದ ಬೆರಳುಗಳು ಲೋಟದ ಒಳಗೆ ನಿಧಾನವಾಗಿ ಸುತ್ತುತ್ತಿದ್ದವು. ಇಸ್ತ್ರಿಯಮ್ಮ ದನಿ ತಗ್ಗಿಸಿ ಗಡಬಡಿಸಿದಳು. "ನನ್ನದು ತಪ್ಪಾಯ್ತು. ನನ್ನ ಮಗಳ ಬದುಕು ಅಂತ... ನಿನಗೇ ಗೊತ್ತಲ್ಲ. ನಾಳೆ ನಾನೇ ಹೇಳ್ತೀನಿ ಅವಳಿಗೆ. ಎಲ್ಲರ ಮುಂದೆ ಹೇಳ್ತೀನಿ."

"ನೀವು ಏನೂ ಹೇಳ್ಬೇಡಿ ಅತ್ತೇ. ನೀವು ಹೇಳಿದ ಮೇಲೇ ಹೀಗಾಗಿದ್ದೂ." ಕೋಪವಿಲ್ಲದ ದನಿ, ತರಕಾರಿಯ ಬೆಲೆ ಹೇಳುವ ಹಾಗೆ. "ಮದುವೆ ಆಗೋ ತನಕ ಕೆಲಸ ಬಿಡಲ್ಲಾ. ಬಿಟ್ರೆ ಅಮ್ಮ ಯಾಕೆ ಅಂತ ಕೇಳ್ತಾಳೇ. ಅಣ್ಣ ಆಸೆಪಟ್ಟಿದ್ದಾನೇ, ಅವನದು ಆಗ್ಲೀ. ಆಮೇಲೆ ನಾನು ಮನೇಲೇ ಇರ್ತೀನೀ. ಅತ್ತಿಗೆ ಜೊತೇಲೀ."

"ಅವಳಿಗೆ ಏನೂ ಗೊತ್ತಿಲ್ಲಮ್ಮ. ಅವಳ ಮೇಲೆ ಸಿಟ್ಟು ಇಟ್ಕೋಬೇಡ. ಅವಳನ್ನ ಚೆನ್ನಾಗಿ ನೋಡ್ಕೊಳ್ತೀಯಲ್ಲ?"

ಗುಬ್ಬಿ ಲೋಟ ಬೋರಲು ಹಾಕಿದಳು. ಸುಲಿದ ಕೈಗಳನ್ನು ಬಟ್ಟೆಗೆ ತಾಗಿಸದೆ ಗಾಳಿಯಲ್ಲಿ ಹಾಗೇ ಹಿಡಿದುಕೊಂಡು ನಿಂತಳು.

"ಒಂದು ಮಾತೂ ಅನ್ನಲ್ಲ ಅತ್ತೇ" ಎಂದಳು. "ನಾನೂ ಅನ್ನಲ್ಲಾ, ಮನೇಲಿ ಬೇರೆ ಯಾರೂ ಅನ್ನದ ಹಾಗೆ ನೋಡ್ಕೊಳ್ತೀನೀ. ಅವಳು ಬಂದು ಕೂತ್ರೆ ಯಾರೂ ಬಾಯಿ ಬಿಡಲ್ಲಾ. ಬರೀ ನೋಡ್ತೀವಿ, ಅಷ್ಟೇ. ಎಲ್ಲಾ ಕೆಲಸ ಅವಳೇ ಎದ್ದು ಮಾಡ್ತಾಳೇ."

ಹೊರಗಿನ ಕೋಣೆಯಿಂದ ಮಗಳ ನಗು ಕೇಳಿಸಿತು, ಹುಡುಗ ಏನೋ ಅಂದದ್ದಕ್ಕೆ. ಆಮೇಲೆ ಬೀಗಿತ್ತಿಯ ದನಿ: ಮುಂದಿನ ತಿಂಗಳ ಮೊದಲನೇ ವಾರ ಆಗಬಹುದಾ, ನಿಮ್ಮಮ್ಮನ್ನ ಒಂದು ಮಾತು ಕೇಳಮ್ಮಾ. ಮಗಳು ಓಡಿ ಬಂದು ಬಾಗಿಲಲ್ಲಿ ನಿಂತಳು. ಮುಖವೆಲ್ಲ ಬೆಳಕಾಗಿತ್ತು.

"ಅಮ್ಮಾ, ಮುಂದಿನ ತಿಂಗಳೇ ಇಟ್ಕೊಳ್ಳೋಣ್ವಾ ಅಂತ ಕೇಳ್ತಿದ್ದಾರೆ. ಏನಂತೀಯ?"

ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಹೇಳಬೇಕು. ಗುಬ್ಬಿ ಏನೂ ಅನ್ನಲಿಲ್ಲ, ಇಸ್ತ್ರಿಯಮ್ಮನನ್ನು ಸುಮ್ಮನೆ ನೋಡುತ್ತಾ ನಿಂತಿದ್ದಳು.

"ಆಗ್ಲಿ ಅನ್ನು" ಎಂದಳು ಇಸ್ತ್ರಿಯಮ್ಮ.

ಮಗಳು ಗುಬ್ಬಿಯನ್ನು ಬಾಚಿ ತಬ್ಬಿಕೊಂಡು, ಒಂದು ಸುತ್ತು ತಿರುಗಿಸಿ, ಹೊರಗೆ ಓಡಿದಳು.